ಉಕ್ಕು 'ವೂಟ್ಜ್' ಆದ ಬಗೆ: ಇಂಗ್ಲಿಷ್ ನಿಘಂಟಿನಲ್ಲಿ ಸೇಲಂ–ಧರ್ಮಪುರಿ ಸೀಮೆಯ ಪದಗಳು



ಇಂಗ್ಲಿಷಿನಲ್ಲಿ ಹೊಸ ಪದ ಹುಟ್ಟಿದರೆ ಈಗ ಅದೇ ಒಂದು ಸುದ್ದಿ. 2013ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ಸೆಲ್ಫಿ'ಯನ್ನು ವರ್ಷದ ಪದವೆಂದು ಆರಿಸಿದಾಗ ಊರೂರಿನ ಪತ್ರಿಕೆಗಳು ಅದರ ಹುಟ್ಟಿನ ಕಥೆ ಬರೆದವು. ನಮ್ಮ ಸೀಮೆಯ ಲೋಹ, ಕಲ್ಲು, ಕಂದಾಯದ ಲೆಕ್ಕ ಇವು ಇಂಗ್ಲಿಷಿಗೆ ಹೊಸ ಪದಗಳನ್ನು ಕೊಟ್ಟು ಇನ್ನೂರು ವರ್ಷ ದಾಟಿದೆ. ಆ ಕಥೆಗಳನ್ನು ನಮ್ಮ ಸದಸ್ಯರಲ್ಲೂ ಕೇಳಿದವರು ಕಡಿಮೆ. ಅದಕ್ಕೆ ಬದಲಾಗಿ 'ಇಂಗ್ಲಿಷಿಗೆ ಕನ್ನಡ ಕೊಟ್ಟ ನೂರು ಪದಗಳು' ಎಂಬಂಥ ಪಟ್ಟಿಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಅವುಗಳಲ್ಲಿ ನಿಜಕ್ಕಿಂತ ಉತ್ಸಾಹವೇ ಹೆಚ್ಚು. ಆದ್ದರಿಂದ ನಿಘಂಟುಗಳನ್ನು ಮುಂದಿಟ್ಟುಕೊಂಡು, ನಮ್ಮದೆಂದು ಹೇಳಬಹುದಾದದ್ದು ಯಾವುದು, ಹೇಳಬಾರದ್ದು ಯಾವುದು ಎಂದು ಇಲ್ಲಿ ಬರೆದಿದ್ದೇವೆ.

ಮೊದಲು ಸೀಮೆಯ ಗುರುತು. ಹಳೆಯ ಪುಸ್ತಕಗಳಲ್ಲಿ 'ಸೇಲಂ ಜಿಲ್ಲೆ' ಎಂದಿದ್ದರೆ ಅದು ಈಗಿನ ನಾಲ್ಕು ಜಿಲ್ಲೆ. ಧರ್ಮಪುರಿ 1965ರಲ್ಲಿ ಬೇರೆಯಾಯಿತು. ನಾಮಕ್ಕಲ್ 1997ರಲ್ಲಿ ಸೇಲಂನಿಂದ, ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಹೊರಬಂದವು. ಹೊಸೂರು, ಡೆಂಕಣಿಕೋಟೆಯ ಸದಸ್ಯರು 'ಇದು ನಮ್ಮೂರ ಕಥೆಯಲ್ಲ' ಎಂದು ಪುಟ ಮುಚ್ಚಬೇಕಾಗಿಲ್ಲ.

ವೂಟ್ಜ್

ಇಂಗ್ಲಿಷ್ ನಿಘಂಟಿನಲ್ಲಿ ಡಬ್ಲ್ಯೂ ಅಕ್ಷರದ ಕೊನೆಯ ಪುಟಗಳ ಕಡೆ 'ವೂಟ್ಜ್' ಎಂಬ ಪದವಿದೆ: ಡಬ್ಲ್ಯೂ, ಎರಡು ಓ, ಟಿ, ಝಡ್. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಎಂದು ಅರ್ಥ. ನೋಡಿದರೆ ಜರ್ಮನ್ ಪದದಂತಿದೆ. ಭಾರತದ ಯಾವ ಭಾಷೆಯಲ್ಲೂ ಉಕ್ಕಿಗೆ ಈ ಹೆಸರಿಲ್ಲ.

ಈ ಪದ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು ಯಾವಾಗ ಎಂಬುದು ತಿಳಿದಿದೆ. ಬೊಂಬಾಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಎಂಬವರು 1794ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಈ ಉಕ್ಕಿನ ಮಾದರಿ ಕಳಿಸಿದರು. ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಅದನ್ನು ಪರೀಕ್ಷೆ ಮಾಡಿ ಬರೆದ ಪ್ರಬಂಧವನ್ನು 1795ರ ಜೂನ್ 11ರಂದು ಸೊಸೈಟಿಯಲ್ಲಿ ಓದಲಾಯಿತು. ಪ್ರಬಂಧದ ತಲೆಬರಹದಲ್ಲೇ 'ವೂಟ್ಜ್' ಇದೆ. ಆ ತಲೆಬರಹ ಇದು ಬೊಂಬಾಯಿಯಲ್ಲಿ ತಯಾರಾದದ್ದು ಎಂದೂ ಹೇಳುತ್ತದೆ. ಉಕ್ಕು ಹಡಗು ಹತ್ತಿದ ಜಾಗವನ್ನೇ ಅದು ತಯಾರಾದ ಜಾಗವೆಂದು ತಿಳಿದಂತಿದೆ. ಅಂದರೆ ಸರಕಿನ ಊರನ್ನೂ ಹೆಸರನ್ನೂ ಒಂದೇ ಸಾಲಿನಲ್ಲಿ ತಪ್ಪು ಬರೆದರು.

ಹೆಸರು ತಪ್ಪಿದ್ದು ಹೇಗೆ? ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು 1886ರಲ್ಲಿ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶ ತಂದರು. ಅವರ ಊಹೆ ಹೀಗಿದೆ: ಸ್ಕಾಟ್ ಕಡೆಯವರು ಬರೆದದ್ದು 'ವುಕ್', ಅಂದರೆ ಕನ್ನಡದ ಉಕ್ಕು. ಕೈಬರಹದಲ್ಲಿ ಕೊನೆಯ ಕೆ ಅಕ್ಷರವನ್ನು ಓದುವವರು ಟಿ-ಝಡ್ ಎಂದು ತಿಳಿದರು. ಆಮೇಲೆ ಬಂದ ಆಕ್ಸ್‌ಫರ್ಡ್ ನಿಘಂಟೂ ಇದನ್ನೇ ಒಪ್ಪಿತು. ನಮಗೂ ಇದು ಸರಿ ಎನಿಸುತ್ತದೆ. ಉಕಾರದಿಂದ ಮೊದಲಾಗುವ ಪದವನ್ನು ನಾವು ಆಡುವಾಗ ಮುಂದೊಂದು ವಕಾರ ತಾನಾಗಿ ಸೇರುತ್ತದೆ. 'ಊಟ' ಎಂಬುದನ್ನು ಮನೆಯಲ್ಲಿ ಹೇಳಿ ನೋಡಿ, 'ವೂಟ' ಎಂದೇ ಕೇಳುತ್ತದೆ. 'ಉಕ್ಕು' ಎಂಬುದು ಪರದೇಶಿ ಕಿವಿಗೆ 'ವುಕ್ಕು' ಎಂದು ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ವಾದವೂ ಇದೆ. ಎಡ್ವರ್ಡ್ ಬಾಲ್ಫರ್ ಎಂಬವರು ಇದು 'ಉಚ್ಚ' ಎಂಬುದರಿಂದ ಬಂದಿರಬೇಕು, ಕನ್ನಡ ಸೀಮೆಯಲ್ಲಿ ಒಳ್ಳೆಯ ಮಾಲಿಗೆ ಉಚ್ಚ, ಕಳಪೆಗೆ ನೀಚ ಎನ್ನುತ್ತಾರೆ ಎಂದರು. ಹಾಬ್ಸನ್-ಜಾಬ್ಸನ್ ಅದನ್ನು ದಾಖಲಿಸಿ, ಉಕ್ಕಿನ ವಾದವೇ ಮೇಲು ಎಂದಿತು. ಸಂತೆಯಲ್ಲಿ ಕಬ್ಬಿಣ ಕೊಳ್ಳುವವನು ಉಚ್ಚ-ನೀಚ ಎಂದು ಸಂಸ್ಕೃತದಲ್ಲಿ ಚೌಕಾಸಿ ಮಾಡಿದ್ದನ್ನು ನಾವಂತೂ ಕೇಳಿಲ್ಲ.

ಇಲ್ಲಿ ಸೇಲಂನ ತಮಿಳು ಗೆಳೆಯರು ತಕರಾರು ಎತ್ತುತ್ತಾರೆ. 'ಉರುಕ್ಕು ನಮ್ಮ ಪದ ಅಲ್ಲವೇ? ಸೇಲಂ ಸ್ಟೀಲ್ ಪ್ಲಾಂಟಿಗೆ ತಮಿಳು ಪತ್ರಿಕೆಗಳು ಇಂದಿಗೂ ಸೇಲಂ ಉರುಕ್ಕಾಲೈ ಎಂದೇ ಬರೆಯುತ್ತವಲ್ಲ?' ಎಂದು. ಮಾತು ನಿಜ. ಉರುಕ್ಕು, ಉಕ್ಕು ಒಂದೇ ಬೇರಿನವು. ಕರಗು ಎಂಬ ಅರ್ಥದ 'ಉರುಗು' ಧಾತುವಿನಿಂದ ತಮಿಳಿನಲ್ಲಿ ಉರುಕ್ಕು, ಅಂದರೆ ಕರಗಿಸಿದ್ದು. ಕನ್ನಡದಲ್ಲಿ ಅದೇ ಉರ್ಕು ಆಗಿ, ರಕಾರ ಬಿದ್ದು ಒತ್ತಕ್ಷರ ಬಂದು ಉಕ್ಕು ಆಯಿತು. ಕರುಪ್ಪು–ಕರ್ಪು–ಕಪ್ಪು ಜೋಡಿಯನ್ನು ನೆನೆದರೆ ಇದು ಥಟ್ಟನೆ ಹೊಳೆಯುತ್ತದೆ. ಎರಡೂ ಭಾಷೆ ಆಡುವ ನಮಗೆ ವ್ಯಾಕರಣ ಪುಸ್ತಕ ಬೇಕಿಲ್ಲ. ಆದರೆ ಇಂಗ್ಲಿಷಿಗೆ ಹೋದ ರೂಪದಲ್ಲಿ ರಕಾರದ ಸುಳಿವಿಲ್ಲ. ಉರುಕ್ಕು ಎಂದು ಕೇಳಿದವನು 'ವುಕ್' ಎಂದು ಬರೆದಾನೆಯೇ? ಆದ್ದರಿಂದ ಬೇರು ಎಲ್ಲರದು, ಇಂಗ್ಲಿಷಿಗೆ ದಾಟಿದ ರೂಪ ಉಕ್ಕು ಎಂದು ಹೇಳಿದರೆ ಯಾರಿಗೂ ಅನ್ಯಾಯವಾಗದು. ಇನ್ನೊಂದು ಮಾತನ್ನು ನಮ್ಮವರು ಬಿಟ್ಟುಬಿಡುತ್ತಾರೆ: ತೆಲುಗಿನಲ್ಲೂ ಇದು ಉಕ್ಕೇ. ನಿಘಂಟುಗಳು ಕನ್ನಡವನ್ನು ಹೆಸರಿಸಿದ್ದಕ್ಕೆ ಸಂತೋಷಪಡೋಣ, ತೆಲುಗಿನವರು ಪಾಲು ಕೇಳಿದರೆ ಇಲ್ಲ ಎನ್ನುವಂತಿಲ್ಲ.

ಹೆಸರು ಹೀಗಾದರೂ ಸರಕು ಎಲ್ಲಿಯದು ಎಂಬುದರಲ್ಲಿ ಅದೇ ಹಾಬ್ಸನ್-ಜಾಬ್ಸನ್ ಸ್ಪಷ್ಟವಾಗಿದೆ. ಮುಖ್ಯವಾಗಿ ಸೇಲಂ, ಮತ್ತೆ ಮೈಸೂರಿನ ಕೆಲವು ಭಾಗ ಎನ್ನುತ್ತದೆ. ಮೈಸೂರು ಕಡೆಯ ಕೆಲಸವನ್ನು ಫ್ರಾನ್ಸಿಸ್ ಬುಕನನ್ 1800ರಲ್ಲಿ ಮಾಗಡಿ ಸುತ್ತ ಕಣ್ಣಾರೆ ನೋಡಿ ಬರೆದರು, ಪುಸ್ತಕ 1807ರಲ್ಲಿ ಬಂತು. ಸೇಲಂ ಕಡೆಯದನ್ನು ಬರೆದವರು ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಜೋಸಯ್ಯ ಮಾರ್ಷಲ್ ಹೀತ್. ಕೆಲಸದ ಬಗೆ ಹೀಗೆ. ಕಾಂತದ ಅದಿರಿನಿಂದ ತೆಗೆದ ಮೆದು ಕಬ್ಬಿಣವನ್ನು ಚೂರು ಮಾಡಿ ಸಣ್ಣ ಮಣ್ಣಿನ ಮೂಸೆಗೆ ಹಾಕುತ್ತಿದ್ದರು. ಜೊತೆಗೆ ತಂಗಡಿ ಗಿಡದ ಒಣ ಚಕ್ಕೆ. ತಮಿಳಿನವರು ಆವಾರಂ ಎನ್ನುವ, ಸಂಕ್ರಾಂತಿ ಹೊತ್ತಿಗೆ ದಾರಿಯ ಎರಡೂ ಬದಿ ಹಳದಿ ಹೂ ಬಿಡುವ ಗಿಡವೇ ಇದು. ಮೇಲೆ ಒಂದೆರಡು ಎಕ್ಕದಂಥ ಹಸಿ ಎಲೆ, ಅದರ ಮೇಲೆ ಮಣ್ಣಿನ ಮುಚ್ಚಳ. ಇಂಥ ಇಪ್ಪತ್ತು ಇಪ್ಪತ್ತನಾಲ್ಕು ಮೂಸೆಗಳನ್ನು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ತುಂಬಿ, ಎರಡು ಎರಡೂವರೆ ಗಂಟೆ ತಿದಿ ಒತ್ತುತ್ತಿದ್ದರು. ಆರಿದ ಮೇಲೆ ಮೂಸೆ ಒಡೆದರೆ ತಳದಲ್ಲಿ ಉಕ್ಕಿನ ಬಿಲ್ಲೆ. ಮರದಲ್ಲಿದ್ದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುವುದೇ ಇದರ ಗುಟ್ಟು. ಯುರೋಪಿನಲ್ಲಿ ಆಗ ಇದೇ ಕೆಲಸಕ್ಕೆ ಕಬ್ಬಿಣವನ್ನು ದಿನಗಟ್ಟಲೆ ಬೇಯಿಸುತ್ತಿದ್ದರು.

ಈ ಬಿಲ್ಲೆಗಳು ಪರ್ಷಿಯಾ, ತುರ್ಕಿಗೆ ಹೋಗುತ್ತಿದ್ದವು. ಡಮಾಸ್ಕಸ್ ಕತ್ತಿಗಳ ಮೇಲಿನ ನೀರಲೆಯಂಥ ಗೆರೆ ಈ ಉಕ್ಕಿನದೇ ಎಂದು ಯುರೋಪಿನವರು ಆಮೇಲೆ ಕಂಡುಕೊಂಡರು. 1819ರಲ್ಲಿ ಮೈಕೆಲ್ ಫ್ಯಾರಡೆ ವೂಟ್ಜನ್ನು ವಿಶ್ಲೇಷಿಸಿ ಪ್ರಕಟಿಸಿದರು. ವಿದ್ಯುತ್ತಿಗೆ ಹೆಸರಾದ ಅದೇ ಫ್ಯಾರಡೆ, ಕಮ್ಮಾರನ ಮಗ. ಆಮೇಲೆ ಸ್ಟೋಡಾರ್ಟ್ ಎಂಬ ಚಾಕು ತಯಾರಕರ ಜೊತೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. ಹೀತ್ 1830ರ ಸುಮಾರಿಗೆ ಕಡಲ ತೀರದ ಪರಂಗಿಪೇಟೆಯಲ್ಲಿ ಸೇಲಂನ ಅದಿರಿನಿಂದ ಕಬ್ಬಿಣ ತೆಗೆಯುವ ಕಾರ್ಖಾನೆ ಹಾಕಿ ಕೈ ಸುಟ್ಟುಕೊಂಡರು. ಇಂಗ್ಲೆಂಡಿಗೆ ಮರಳಿ 1839ರಲ್ಲಿ ಉಕ್ಕಿಗೆ ಮ್ಯಾಂಗನೀಸ್ ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದರ ಲಾಭವೂ ಹೆಚ್ಚಾಗಿ ಬೇರೆಯವರಿಗೆ ಹೋಗಿ ಕೋರ್ಟು ಅಲೆಯಬೇಕಾಯಿತು.

ಇಷ್ಟೆಲ್ಲ ಪುಸ್ತಕಗಳಲ್ಲಿ ಸ್ಕಾಟ್, ಪಿಯರ್ಸನ್, ಹೀತ್ ಹೆಸರಿದೆ. ತಿದಿ ಒತ್ತಿದವರ ಹೆಸರು ಇಲ್ಲ, ಅವರು ಮೂಸೆಗೆ, ತಿದಿಗೆ, ಬಿಲ್ಲೆಗೆ ಏನೆನ್ನುತ್ತಿದ್ದರು ಎಂಬುದೂ ಬಹಳ ಮಟ್ಟಿಗೆ ಹೋಯಿತು. ಉಳಿದ ಒಂದು ಪದ ಅಪಭ್ರಂಶವಾಗಿ ಉಳಿಯಿತು. ಕಂಜಮಲೆಯಲ್ಲಿ ಆ ಅದಿರು ಈಗಲೂ ಇದೆ. ಅದರ ಬುಡದಲ್ಲೇ 1980ರ ದಶಕದ ಆರಂಭದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕಾರ್ಖಾನೆ ಕೆಲಸ ಶುರುಮಾಡಿತು. ಊರಿನವರು ಅದಕ್ಕೆ ಇರುಂಬಾಲೈ ಎನ್ನುತ್ತಾರೆ.

ಕೊರಂಡಂ, ಇಂಡಿಯನೈಟ್, ಚಾರ್ನೊಕೈಟ್

ಎರಡನೆಯದು ಕಲ್ಲು. ಕೆಂಪು, ನೀಲ ಎರಡೂ ಒಂದೇ ಖನಿಜದ ಬಣ್ಣಭೇದ ಎಂಬುದು ಚಿನಿವಾರರಿಗೆ ಗೊತ್ತು. ಆ ಖನಿಜಕ್ಕೆ ಇಂಗ್ಲಿಷಿನಲ್ಲಿ 'ಕೊರಂಡಂ'. ತಮಿಳಿನ ಕುರುಂದಂ ಎಂಬುದರಿಂದ ಹೋದ ಪದ, ಸಂಸ್ಕೃತದಲ್ಲಿ ಕುರುವಿಂದ. ಗಡಸುತನದಲ್ಲಿ ವಜ್ರದ ಕೆಳಗಿನ ಮೆಟ್ಟಿಲು, ಅಳತೆಯ ಪ್ರಕಾರ 9. ಸಾಣೆ ಹಿಡಿಯುವವರು ಇದನ್ನು ಅರೆದು ಬಳಸುತ್ತಿದ್ದರು. ಚಾರ್ಲ್ಸ್ ಗ್ರೆವಿಲ್ ಎಂಬವರು 1798ರಲ್ಲಿ ರಾಯಲ್ ಸೊಸೈಟಿಗೆ ಇದರ ಬಗ್ಗೆ ಬರೆದ ಮೇಲೆ ಪದ ವಿಜ್ಞಾನಕ್ಕೆ ಸೇರಿತು. ಇದು ಕನ್ನಡದಿಂದ ಹೋದದ್ದಲ್ಲ, ತಮಿಳಿನದು. ಆದರೆ ಹಳೆಯ ಸೇಲಂ ಜಿಲ್ಲೆಯ, ಈಗ ನಾಮಕ್ಕಲ್‌ಗೆ ಸೇರಿದ ಸಿತ್ತಂಪೂಂಡಿಯ ಕೊರಂಡಂ ಭೂವಿಜ್ಞಾನಿಗಳಲ್ಲಿ ಹೆಸರಾದದ್ದು.

ಕೊರಂಡಂ ಸುತ್ತ ಇದ್ದ ಬಿಳಿ ಕಲ್ಲಿಗೂ ಒಂದು ಹೆಸರು ಹುಟ್ಟಿತ್ತು: ಇಂಡಿಯನೈಟ್. ಫ್ರೆಂಚ್ ಖನಿಜಶಾಸ್ತ್ರಜ್ಞ ಬೂರ್ನೋ 19ನೇ ಶತಮಾನದ ಆರಂಭದಲ್ಲಿ ಇಟ್ಟದ್ದು. ಅದು ನಿಲ್ಲಲಿಲ್ಲ. 1823ರಲ್ಲಿ ಜರ್ಮನಿಯ ಗುಸ್ಟಾವ್ ರೋಸ್ ಇನ್ನೆಲ್ಲಿಂದಲೋ ಬಂದ ಅದೇ ಖನಿಜಕ್ಕೆ ಗ್ರೀಕ್‌ನಿಂದ 'ಅನಾರ್ಥೈಟ್' ಎಂದು ಹೆಸರಿಟ್ಟರು, ಅದೇ ಚಾಲ್ತಿಗೆ ಬಂತು. ಹೊಸ ಪದಗಳ ಗತಿ ಹೀಗೆ. ಹುಟ್ಟಿದ ಹತ್ತರಲ್ಲಿ ಒಂದು ಬಾಳಿದರೆ ಹೆಚ್ಚು. ಚಂದ್ರನ ಮೇಲ್ಮೈಯಲ್ಲೂ ಇಂಥ ಕಲ್ಲು ಬಹಳ ಇರುವುದರಿಂದ, ಇಸ್ರೋದವರು ಚಂದ್ರಯಾನ-2ರ ಪರೀಕ್ಷೆಗೆ ಸಿತ್ತಂಪೂಂಡಿ ಕಡೆಯಿಂದಲೇ ಕಲ್ಲು ತರಿಸಿ, ಪುಡಿ ಮಾಡಿ, ಬೆಂಗಳೂರಿನಲ್ಲಿ ಚಂದ್ರನ ಮಣ್ಣಿನಂತೆ ಹರಡಿದರು. ಹೆಸರು ಹೋದರೂ ಕಲ್ಲಿಗೆ ಮರ್ಯಾದೆ ಸಿಕ್ಕಿತು.

ಏರ್ಕಾಡಿನ ಘಾಟಿ ಹತ್ತುವಾಗ ಕಾಣುವ ಕಪ್ಪು-ನೀಲಿ ಗಟ್ಟಿ ಬಂಡೆಗೆ ನಾವು ಕರಿಗಲ್ಲು ಎಂದು ಸುಮ್ಮನಾಗುತ್ತೇವೆ. ಪುಸ್ತಕದಲ್ಲಿ ಅದು ಚಾರ್ನೊಕೈಟ್. ಕಲ್ಕತ್ತಾದಲ್ಲಿ ಕಂಪನಿಯ ನೆಲೆ ಹಾಕಿದ ಜಾಬ್ ಚಾರ್ನಕ್‌ನ ಗೋರಿಕಲ್ಲು ಈ ಜಾತಿಯದೆಂದು ಕಂಡ ಥಾಮಸ್ ಹಾಲೆಂಡ್ 1893ರಲ್ಲಿ ಅವನ ಹೆಸರನ್ನೇ ಬಂಡೆಗೆ ಇಟ್ಟರು. ಶೇರ್ವರಾಯನ್ ಬೆಟ್ಟ, ನೀಲಗಿರಿ, ಮದರಾಸಿನ ಪರಂಗಿಮಲೆ ಎಲ್ಲ ಈಗ ಸತ್ತವನೊಬ್ಬನ ಹೆಸರು ಹೊತ್ತು ನಿಂತಿವೆ.

ರೈತವಾರಿ

ಧರ್ಮಪುರಿಯವರ ಪಾಲಿನದು ಈ ಪದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಮತ್ತು ಸೇಲಂ ಸೀಮೆಗೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮೇಲಧಿಕಾರಿಯಾಗಿ ಬಂದರು. ಅವರ ಸಹಾಯಕರಲ್ಲಿ ಒಬ್ಬರು, ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೊ. ಜಮೀನ್ದಾರರ ನಡುವಿಲ್ಲದೆ ಹೊಲ ಹೊಲ ಅಳೆದು ಒಬ್ಬೊಬ್ಬ ರೈತನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿ ಇಲ್ಲಿ ರೂಪ ತಳೆಯಿತು. ಅದಕ್ಕೆ ಇಂಗ್ಲಿಷ್ ಕಾಗದಪತ್ರಗಳಲ್ಲಿ 'ರಯತ್‌ವಾರಿ' ಎಂಬ ಪದ ನೆಲೆಯಾಗಿ, ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು.

ರೈತ ಎಂಬುದು ಅರಬ್ಬಿಯಿಂದ ಬಂದು ಕನ್ನಡದಲ್ಲಿ ಮನೆಮಾತಾದ ಪದ. ತಮಿಳಿನ ಅಕ್ಕಪಕ್ಕದವರು ವಿವಸಾಯಿ ಎನ್ನುವ ಕಡೆ ನಾವು ರೈತ ಎನ್ನುತ್ತೇವೆ. ಇದಕ್ಕಿಂತ ನಮಗೆ ಇಷ್ಟವಾದದ್ದು ಇದರ ಜೋಡಿ ಪದ. ಆ ಕಾಲದ ಇಂಗ್ಲಿಷ್ ವರದಿಗಳಲ್ಲಿ ರಯತ್‌ವಾರಿಗೆ 'ಕುಲ್ವಾರ್' ಎಂದೂ ಬರೆದಿದೆ. ಅದು ನಮ್ಮ ಕುಳ. ಕುಳ ಎಂದರೆ ಕಂದಾಯ ಕಟ್ಟುವ ಒಕ್ಕಲು, ಮರಾಠಿಯಲ್ಲೂ ಇದೆ. ನೇಗಿಲ ಗುಳಕ್ಕೂ ಕುಳ ಎನ್ನುತ್ತೇವೆ. 'ಅವನು ಭಾರಿ ಕುಳ' ಎಂದು ಇಂದಿಗೂ ಹಣವಂತನ ಬೆನ್ನ ಹಿಂದೆ ಆಡಿಕೊಳ್ಳುವಾಗ ನಮ್ಮ ಬಾಯಲ್ಲಿ ಬರುವುದು ಹಳೆಯ ಕಂದಾಯದ ಪದವೇ.

ಕೈ ಹಾಕಬಾರದವು

ಈಗ ಆ ವಾಟ್ಸಾಪ್ ಪಟ್ಟಿ. ಕಟ್ಟುಮರದಿಂದ ಬಂದ 'ಕ್ಯಾಟಮರಾನ್', ಸುರುಟ್ಟಿನಿಂದ ಬಂದ 'ಚೆರೂಟ್', ಮಿಳಗು ತಣ್ಣೀರಿನಿಂದ ಬಂದ 'ಮಲ್ಲಿಗಟಾನಿ' ಸೂಪು, ಇವು ತಮಿಳಿನವು. ಎಳೆದಾಡುವುದು ಬೇಡ. 'ಅರೆಕಾ' ನಮ್ಮ ಅಡಿಕೆಯ ನೆಂಟನಾದರೂ ಪೋರ್ಚುಗೀಸರು ಎತ್ತಿಕೊಂಡದ್ದು ಮಲಯಾಳದ ಅಡಯ್ಕಾದಿಂದ. 'ಬಾಂಬೂ' ಕನ್ನಡದ್ದೆಂದು ಕೆಲವು ಹಳೆಯ ವಿದ್ವಾಂಸರು ಹೇಳಿದ್ದುಂಟು, ಆದರೆ ಮಲಯ ಭಾಷೆಯ ಹಕ್ಕು ಅದರ ಮೇಲೆ ಬಲವಾಗಿದೆ. ಸೀಳುನಾಯಿಗೆ ಇಂಗ್ಲಿಷಿನಲ್ಲಿ 'ಢೋಲ್' ಎನ್ನುತ್ತಾರೆ. ಅದು ನಮ್ಮ ತೋಳವಿರಬಹುದೇ ಎಂದು ಸಂಶಯ ಪಟ್ಟವರಿದ್ದಾರೆ. ಸಂಶಯವೆಂದೇ ಇಟ್ಟುಕೊಳ್ಳೋಣ.

'ಕರ್ನಾಟಿಕ್' ಮಾತ್ರ ಖಂಡಿತ ಕರ್ನಾಟಕದಿಂದಲೇ ಬಂದದ್ದು. ವಿಜಯನಗರದ ಆಳ್ವಿಕೆಯಿಂದಾಗಿ ಹೆಸರು ಘಟ್ಟದ ಕೆಳಗೂ ಹರಡಿ, ಕೊನೆಗೆ ಇಂಗ್ಲಿಷರು ಆರ್ಕಾಟ್ ನವಾಬನ ತಮಿಳು ಸೀಮೆಯನ್ನೇ ಕರ್ನಾಟಿಕ್ ಎಂದರು. ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಈ ಪದ ಕಂಡು ಹಿಗ್ಗುವ ಮೊದಲು ನಕ್ಷೆ ನೋಡಬೇಕು.

ಬೆಂಗಳೂರಿನ ಹೆಸರಿನಲ್ಲಿ ಎರಡು ಪದಗಳಿವೆ. ಮುಳ್ಳುತಂತಿ ಬೇಲಿಯನ್ನು ಸಿಡಿಸಲು ಉದ್ದ ಕೊಳವೆಯಲ್ಲಿ ಮದ್ದು ತುಂಬುವ 'ಬ್ಯಾಂಗಲೋರ್ ಟಾರ್ಪೀಡೊ'ವನ್ನು 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಮೆಕ್ಲಿಂಟಾಕ್ ಅಲ್ಲೇ ರೂಪಿಸಿದರು. 2000ದ ನಂತರ ಅಮೆರಿಕದಲ್ಲಿ, ಕೆಲಸ ಬೆಂಗಳೂರಿಗೆ ಹೋಗಿ ತನ್ನ ನೌಕರಿ ಕಳೆದುಕೊಂಡವನಿಗೆ 'ಬ್ಯಾಂಗಲೋರ್ಡ್' ಎನ್ನತೊಡಗಿದರು. ಟೀ ಶರ್ಟಿನ ಮೇಲೂ ಅಚ್ಚಾಯಿತು. ಈಗ ಆ ಪದ ಅಷ್ಟಾಗಿ ಕೇಳುವುದಿಲ್ಲ.

ಸದಸ್ಯರಲ್ಲಿ ಕೋರಿಕೆ

ಉಕ್ಕಿಗೆ ಆದದ್ದು ನಮ್ಮ ಬೇರೆ ಪದಗಳಿಗೂ ಆಗುತ್ತಿದೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ತಲೆತಲಾಂತರದಿಂದ ಇದೆ, ಬರವಣಿಗೆಯಲ್ಲಿ ಇಲ್ಲ. ಮಕ್ಕಳು ಓದುವುದು ತಮಿಳು, ಇಂಗ್ಲಿಷ್. ಮಗ್ಗದ ಭಾಗಗಳಿಗೆ, ರಾಗಿ ಹೊಲದ ಕೆಲಸಕ್ಕೆ, ದನದ ಕಾಯಿಲೆಗೆ ನಮ್ಮ ಸೀಮೆಯಲ್ಲಿ ಇರುವ ಪದಗಳು ಬೆಂಗಳೂರಿನ ನಿಘಂಟಿನಲ್ಲಿ ಇರಲೇಬೇಕೆಂದಿಲ್ಲ. ಹಾಸು, ಹೊಕ್ಕು, ಲಾಳಿ ಎನ್ನುತ್ತೀರೋ, ತಮಿಳಿನ ಪಾವು, ಊಡೈ, ನಾಡಾ ಎನ್ನುತ್ತೀರೋ, ಎರಡೂ ಬೆರೆತಿವೆಯೋ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ.

ಕಳಿಸುವಾಗ ನಾಲ್ಕು ಸಂಗತಿ ಬರೆಯಿರಿ: ಪದ, ಊರು, ಆಡಿದವರ ಸುಮಾರು ವಯಸ್ಸು, ಅವರು ಆಡಿದ ಇಡೀ ವಾಕ್ಯ. ವಾಕ್ಯ ಮುಖ್ಯ, ಬರೀ ಪದ ಸಾಲದು. ಕೇಳಿದಂತೆಯೇ ಬರೆಯಿರಿ, ಶುದ್ಧ ಮಾಡಬೇಡಿ. 'ವುಕ್ಕು' ಎಂದಿದ್ದರೆ 'ವುಕ್ಕು' ಎಂದೇ ಇರಲಿ. ಕನ್ನಡ ಬರೆಯಲು ಬಾರದವರು ಫೋನಿನಲ್ಲಿ ಧ್ವನಿ ಮುದ್ರಿಸಿ ತಮ್ಮ ಊರಿನ ಸಂಘದ ಕಾರ್ಯಕರ್ತರಿಗೆ ಕೊಡಬಹುದು, ಅಥವಾ ತಿಂಗಳ ಸಭೆಗೆ ಬಂದಾಗ ಬಾಯಿಮಾತಿನಲ್ಲಿ ಹೇಳಬಹುದು, ನಾವು ಬರೆದುಕೊಳ್ಳುತ್ತೇವೆ. ಕಮ್ಮಾರಿಕೆ ಮನೆತನದವರು ಯಾರಾದರೂ ಇದ್ದು, ತಿದಿಗೂ ಮೂಸೆಗೂ ಅವರಲ್ಲಿ ಬೇರೆ ಹೆಸರಿದ್ದರೆ ಅದನ್ನು ಮೊದಲು ಕಳಿಸಿ.